ರಸಪ್ರಶ್ನೆಯಲ್ಲಿ ಎಲ್ಲ ಸರಿ ಉತ್ತರ, ಐಸಿಟಿಸಿ ಬಾಗಿಲು ಮಾತ್ರ ಯಾರಿಗೂ ಗೊತ್ತಿಲ್ಲ: ಕಾಲೇಜಲ್ಲಿ ಎಚ್‌ಐವಿ ಬಗ್ಗೆ ಏನು ಹೇಳಿಕೊಡಬೇಕು?

ರೆಡ್‌ರಿಬ್ಬನ್_ಮಂಡ್ಯ

ಮಂಡ್ಯ ಜಿಲ್ಲೆಯ ಒಂದು ಪದವಿ ಕಾಲೇಜಿನ ರೆಡ್ ರಿಬ್ಬನ್ ಕ್ಲಬ್ (ಎಚ್‌ಐವಿ ಜಾಗೃತಿಯ ವಿದ್ಯಾರ್ಥಿ ಸಂಘ) ಪರವಾಗಿ ಕೇಳುತ್ತಿದ್ದೇನೆ. ವಿಶ್ವ ಏಡ್ಸ್ ದಿನ, ಡಿಸೆಂಬರ್ 1 ಬಂತೆಂದರೆ ನಮ್ಮ ಕಡೆ ಎಲ್ಲ ಕಾಲೇಜಿನದೂ ಒಂದೇ ಪಾಡು: ಬೆಳಿಗ್ಗೆ ಜಾಥಾ, ಆಮೇಲೆ ಭಿತ್ತಿಪತ್ರ, ರಸಪ್ರಶ್ನೆ, ಮಧ್ಯಾಹ್ನ ಅತಿಥಿ ಭಾಷಣ, ಫೋಟೊ, ವರದಿ. ರಸಪ್ರಶ್ನೆಗೆ ಹುಡುಗರು ಚೆನ್ನಾಗಿಯೇ ಉತ್ತರ ಕೊಡುತ್ತಾರೆ. ಸೊಳ್ಳೆಯಿಂದ ಬರಲ್ಲ, ಕೈಕುಲುಕಿದರೆ ಬರಲ್ಲ, ಹರಡುವ ದಾರಿ ನಾಲ್ಕು, ಎಲ್ಲ ಬಾಯಿಪಾಠ. "ಮಿಮ್ಸ್‌ನಲ್ಲಿ ಐಸಿಟಿಸಿ ಎಲ್ಲಿದೆ, ಹೋಗಿ ಏನಂತ ಕೇಳಬೇಕು" ಅಂದರೆ ಮಾತ್ರ ಒಬ್ಬರೂ ಬಾಯಿ ಬಿಡಲ್ಲ. (ಮಿಮ್ಸ್ ಅಂದರೆ ಮಂಡ್ಯದ ವೈದ್ಯಕೀಯ ಕಾಲೇಜು ಆಸ್ಪತ್ರೆ, ಐಸಿಟಿಸಿ ಅಂದರೆ ಎಚ್‌ಐವಿ ಆಪ್ತಸಮಾಲೋಚನೆ ಮತ್ತು ಪರೀಕ್ಷಾ ಕೇಂದ್ರ.)

ಈ ಸಲ ಜಾಥಾ ಕೈಬಿಟ್ಟು ಎರಡು ಗಂಟೆಯ ತರಗತಿ ಮಾಡುವ ಯೋಚನೆ. 60 ಜನ, ಬಿಎ, ಬಿಕಾಂ, ಬಿಎಸ್ಸಿ ಬೆರಕೆ. ಅರ್ಧ ಹಾಸ್ಟೆಲ್‌ನವರು, ಉಳಿದವರು ಮಳವಳ್ಳಿ, ಕೆ.ಆರ್. ಪೇಟೆ, ಪಾಂಡವಪುರ ಕಡೆಯಿಂದ ಬಸ್ಸಿಗೆ ಬರುವವರು. ನಾಲ್ಕೂವರೆ ಬಸ್ಸು ತಪ್ಪಿದರೆ ಊರು ಸೇರುವಾಗ ಕತ್ತಲಾಗುತ್ತೆ, ಹಾಗಾಗಿ ಸಮಯ ಎಳೆಯುವಂತಿಲ್ಲ. ಯಾವುದನ್ನು ಇಟ್ಟುಕೊಳ್ಳೋದು, ಯಾವುದನ್ನು ಬಿಡೋದು? ಗೊತ್ತಿದ್ದೂ ಮಾಡದೇ ಇರೋದು ಯಾಕೆ? ಉಪಯೋಗ ಆಯಿತೋ ಇಲ್ಲವೋ ಅಳೆಯೋದು ಹೇಗೆ? ಪ್ರಾಂಶುಪಾಲರು ಕಾಂಡೋಮ್ ಪ್ರಾತ್ಯಕ್ಷಿಕೆಗೆ ಒಪ್ಪಿಲ್ಲ, ಅದನ್ನೂ ಗಮನದಲ್ಲಿಟ್ಟು ಹೇಳಿ.

ಪಿಎಸ್‌ಎಂ_ಡಾಕ್ಟ್ರು

ಮೊದಲು ಆ "ಗೊತ್ತಿದೆ" ಅನ್ನೋದನ್ನೇ ಸ್ವಲ್ಪ ಕೆದಕಬೇಕು ಸರ್. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 15ರಿಂದ 49 ವಯಸ್ಸಿನವರಲ್ಲಿ ಎಚ್‌ಐವಿ ಬಗ್ಗೆ ಸಮಗ್ರ ತಿಳಿವಳಿಕೆ ಇದ್ದದ್ದು ಹೆಂಗಸರಲ್ಲಿ ಶೇ 21.6, ಗಂಡಸರಲ್ಲಿ ಶೇ 30.7. ಅಲ್ಲಿ "ಸಮಗ್ರ" ಅಂದರೆ ಏನು ಮಹಾ ಅಲ್ಲ. ಕಾಂಡೋಮ್ ಮತ್ತು ಒಬ್ಬರೇ ಸಂಗಾತಿಯಿಂದ ಅಪಾಯ ಕಡಿಮೆಯಾಗುತ್ತೆ, ನೋಡೋಕೆ ಆರೋಗ್ಯವಾಗಿರುವವರಲ್ಲೂ ವೈರಸ್ ಇರಬಹುದು, ಜೊತೆಗೆ ಸಾಮಾನ್ಯವಾದ ಎರಡು ತಪ್ಪು ಕಲ್ಪನೆಗಳು ತಪ್ಪು ಅಂತ ಗೊತ್ತಿರಬೇಕು, ಅಷ್ಟೆ. ಕಾಲೇಜು ಹುಡುಗರ ಸ್ಥಿತಿ ಇದಕ್ಕಿಂತ ಮೇಲಿರುತ್ತೆ ಅಂದುಕೊಳ್ಳೋಣ. ಆದರೂ ರಸಪ್ರಶ್ನೆಯಲ್ಲಿ ಬರೋದು "ಹೇಗೆ ಹರಡಲ್ಲ" ಅನ್ನುವ ಪ್ರಶ್ನೆಗಳೇ. ಆ ಉತ್ತರ ಸೋಂಕಿತರನ್ನು ದೂರ ಇಡಬಾರದು ಅನ್ನೋದಕ್ಕೆ ಬೇಕೇ ಬೇಕು. ತನ್ನ ರಕ್ಷಣೆಗೆ ಬೇಕಾದ ತಿಳಿವಳಿಕೆ ಬೇರೆ: ಎಷ್ಟು ದಿನಕ್ಕೆ ಪರೀಕ್ಷೆ, ಎಷ್ಟು ಗಂಟೆಯೊಳಗೆ ಔಷಧಿ, ಯಾವ ಬಾಗಿಲು.

ಇನ್ನು ಗೊತ್ತಿದ್ದೂ ಮಾಡದಿರುವುದಕ್ಕೆ ಬರೋಣ. 1992ರಲ್ಲಿ ಜೆಫ್ರಿ ಫಿಶರ್ ಮತ್ತು ವಿಲಿಯಂ ಫಿಶರ್ ಮುಂದಿಟ್ಟ ಮಾದರಿ ಮೂರು ಕಾಲಿನದು: ಮಾಹಿತಿ, ಪ್ರೇರಣೆ, ಕೌಶಲ. ಮಾಹಿತಿ ನೇರವಾಗಿ ನಡವಳಿಕೆ ಬದಲಿಸೋದು ಕಡಿಮೆ. ಮಾಹಿತಿಯೂ ಪ್ರೇರಣೆಯೂ ಬಹುಪಾಲು ಕೌಶಲದ ಮೂಲಕವೇ ಕೆಲಸ ಮಾಡುತ್ತವೆ ಅನ್ನೋದು ಅವರ ವಾದ. 1996ರಲ್ಲಿ ಅದನ್ನು ಅಮೆರಿಕದ ಕಾಲೇಜು ವಿದ್ಯಾರ್ಥಿಗಳ ಮೇಲೆಯೇ ಪ್ರಯೋಗಿಸಿ ನೋಡಿದರು. ಉಪನ್ಯಾಸದ ಜೊತೆಗೆ ಸಹಪಾಠಿಗಳೇ ನಡೆಸುವ ಗುಂಪು ಚರ್ಚೆ, ಮಾತುಕತೆಯ ಅಭ್ಯಾಸ ಇದ್ದವು. ತಿಂಗಳುಗಳ ನಂತರವೂ ಕಾಂಡೋಮ್ ಬಳಕೆ ಮತ್ತು ಪರೀಕ್ಷೆ ಮಾಡಿಸಿಕೊಳ್ಳುವುದು ಹೆಚ್ಚಾಗಿತ್ತು.

ಪ್ರೇರಣೆ ಅಂದ ಕೂಡಲೇ ನಮ್ಮವರು ಹೆದರಿಸೋದು ಅಂದುಕೊಳ್ಳುತ್ತಾರೆ. ಅಸ್ಥಿಪಂಜರ, ನೇಣು, ಕಪ್ಪು ಬಣ್ಣದ ಭಿತ್ತಿಪತ್ರ. ಹೆದರಿಕೆ ಹುಟ್ಟಿಸಿ, ಪಾರಾಗುವ ದಾರಿ ತೋರಿಸದೇ ಬಿಟ್ಟರೆ ಮನುಷ್ಯ ಆ ವಿಷಯದಿಂದಲೇ ಮುಖ ತಿರುಗಿಸುತ್ತಾನೆ. ಅಂಥವರು "ಪರೀಕ್ಷೆ ಮಾಡಿಸಿ ಪಾಸಿಟಿವ್ ಬಂದರೆ ಕಥೆ ಮುಗೀತು, ಅದಕ್ಕಿಂತ ಗೊತ್ತಾಗದೇ ಇರೋದೇ ವಾಸಿ" ಅನ್ನುವ ಕಡೆಗೇ ವಾಲುತ್ತಾರೆ. ಇದಕ್ಕೆ ಮದ್ದು ಚಿಕಿತ್ಸೆಯ ಬಗ್ಗೆ ಈಗಿನ ಸತ್ಯ ಹೇಳೋದು: ಎಆರ್‌ಟಿ (ವೈರಸ್ ಅದುಮಿಡುವ ಔಷಧಿ ಚಿಕಿತ್ಸೆ) ಉಚಿತ, ದಿನಕ್ಕೆ ಸಾಮಾನ್ಯವಾಗಿ ಒಂದೇ ಮಾತ್ರೆ, ಬಿಡದೆ ತಗೊಂಡು ರಕ್ತದಲ್ಲಿ ವೈರಸ್ ಪತ್ತೆಯಾಗದ ಮಟ್ಟಕ್ಕೆ ಇಳಿದು ಹಾಗೇ ನಿಂತರೆ ಲೈಂಗಿಕವಾಗಿ ಇನ್ನೊಬ್ಬರಿಗೆ ಹರಡಲ್ಲ.

ಫೈನಲ್_ಇಯರ್_ಬಿಎಸ್ಸಿ

ವಿದ್ಯಾರ್ಥಿಗಳ ಕಡೆಯಿಂದ ಎರಡು ಮಾತು. ಒಂದು, ಎಚ್‌ಐವಿ ಅಂದ್ರೆ ನಮ್ಮ ವಯಸ್ಸಿನವರಿಗೆ ಹಳೇ ಕಾಲದ ಕಾಯಿಲೆ, ಲಾರಿಯವರದ್ದು, ಬೇರೆ ಯಾರದ್ದೋ. ಪಿಜಿಯಲ್ಲಿ ಇರೋರಿಗೆ ಭಯ ಇದ್ರೆ ಅದು ಗರ್ಭದ್ದು, ಮನೇಲಿ ಗೊತ್ತಾಗೋದ್ರದ್ದು. ಮಾತು ಅಲ್ಲಿಂದ ಶುರು ಮಾಡಿ, ಕಿವಿ ಕೊಡ್ತಾರೆ.

ಎರಡು, "ಪ್ರಶ್ನೆ ಇದ್ದರೆ ಕೈ ಎತ್ತಿ" ಅಂದ್ರೆ ಸತ್ತರೂ ಎತ್ತಲ್ಲ. ಚೀಟಿ ಡಬ್ಬ ಇಟ್ರೂ ಚೀಟಿ ಬರೆಯೋನ ಮುಖ ಎಲ್ರೂ ನೋಡ್ತಾರೆ. ಎಲ್ಲರಿಗೂ ಒಂದೇ ಅಳತೆ ಚೀಟಿ, ಒಂದೇ ಥರ ನೀಲಿ ಪೆನ್ ಕೊಟ್ಟು ಎಲ್ಲರೂ ಏನಾದ್ರೂ ಬರೀಲೇಬೇಕು ಅನ್ನಿ. ಪ್ರಶ್ನೆ ಇಲ್ದಿದ್ರೆ "ಪ್ರಶ್ನೆ ಇಲ್ಲ, ಊಟ ಏನು" ಅಂತಾದ್ರೂ ಬರೀಲಿ. ಆಗ ಯಾರು ಬರೆದ್ರು ಅಂತ ಗೊತ್ತಾಗಲ್ಲ.

ಆಪ್ತಸಮಾಲೋಚಕಿ

ಈ ಚೀಟಿ ಉಪಾಯ ಸೊಗಸಾಗಿದೆ. ಡಬ್ಬ ತರಗತಿಯ ಶುರುವಿಗೇ ತುಂಬಲಿ, ಕೊನೆಗಲ್ಲ. ನಡುವೆ ಐದು ನಿಮಿಷ ಸಿಕ್ಕರೆ ವಿಂಗಡಿಸಿಕೊಳ್ಳಬಹುದು.

ಐಸಿಟಿಸಿಯಲ್ಲಿ ಏನಾಗುತ್ತೆ ಅಂತ ಒಂದೊಂದೇ ಹೆಜ್ಜೆ ಹೇಳಿ, ಅರ್ಧ ಹೆದರಿಕೆ ಅಲ್ಲೇ ಇಳಿಯುತ್ತೆ. ಮಂಡ್ಯದಲ್ಲಿ ಮಿಮ್ಸ್, ಮೈಸೂರಲ್ಲಿ ಕೆ.ಆರ್. ಆಸ್ಪತ್ರೆ, ಇದಲ್ಲದೆ ತಾಲ್ಲೂಕು ಆಸ್ಪತ್ರೆಗಳಲ್ಲೂ ಇದೆ. ಫಲಕದ ಮೇಲೆ ಸಾಮಾನ್ಯವಾಗಿ "ಆಪ್ತಸಮಾಲೋಚನೆ ಮತ್ತು ಪರೀಕ್ಷಾ ಕೇಂದ್ರ" ಅಂತಿರುತ್ತೆ. ಸಾಲಲ್ಲಿ ನಿಂತು ಎಚ್‌ಐವಿ ಅಂತ ಹೇಳೋಕೆ ಸಂಕೋಚ ಆದರೆ "ಆಪ್ತಸಮಾಲೋಚಕರ ಕೊಠಡಿ ಎಲ್ಲಿದೆ" ಅಂದರೆ ಸಾಕು. ಒಳಗೆ ಹೋದರೆ ಮೊದಲು ನೋಂದಣಿ, ಬಾಗಿಲು ಹಾಕಿಕೊಂಡು ಮಾತುಕತೆ, ಆಮೇಲೆ ಒಪ್ಪಿಗೆ. ಒಪ್ಪಿಗೆ ಕೊಡದೇ ಎದ್ದು ಬರಬಹುದು, ಯಾರೂ ತಡೆಯಲ್ಲ. ನಂತರ ರಕ್ತ, ಬರಿ ಹೊಟ್ಟೆಯಲ್ಲಿ ಬರಬೇಕಾಗಿಲ್ಲ. ಫಲಿತಾಂಶ ಏನೇ ಇದ್ದರೂ ಮತ್ತೆ ಕೂರಿಸಿಯೇ ಹೇಳುತ್ತಾರೆ, ಅದೂ ಅವರ ಕೈಗೇ. ಹಣ ಇಲ್ಲ. 18 ತುಂಬಿದ್ದರೆ ಅಪ್ಪ ಅಮ್ಮನ ಸಹಿ ಬೇಕಿಲ್ಲ. ತುಂಬದವರಿಗೆ ಪೋಷಕರ ಒಪ್ಪಿಗೆ ಬೇಕು. ಪ್ರಥಮ ವರ್ಷದವರಲ್ಲಿ 17 ವರ್ಷದವರೂ ಇರ್ತಾರೆ, ಇದನ್ನು ಮುಚ್ಚಿಡಬೇಡಿ.

ಮಳವಳ್ಳಿ ಹುಡುಗ ಮಳವಳ್ಳಿ ಆಸ್ಪತ್ರೆಗೆ ಹೋಗಲ್ಲ. ಅಲ್ಲಿ ಚೀಟಿ ಬರೆಯುವವರು ಅವನ ಅತ್ತೆ ಮಗಳ ಗಂಡನೇ ಆಗಿರಬಹುದು! ಅವನಿಗೆ ಹೇಳಬೇಕಾದ್ದು ಇಷ್ಟೇ: ಯಾವ ಊರಿನ ಐಸಿಟಿಸಿಗಾದರೂ ಹೋಗಬಹುದು, ಸರಹದ್ದು ಇಲ್ಲ. ಇದು ಪುಟ್ಟ ಮಾಹಿತಿ, ಆದರೆ ಹೋಗೋಣವೋ ಬೇಡವೋ ಅಂತ ಇರುವವನನ್ನು ಬಸ್ಸು ಹತ್ತಿಸುವಂಥದ್ದು. ಹೋಗುವ ಮೊದಲೇ ಮಾತಾಡಬೇಕು ಅನ್ನುವವರಿಗೆ 1097 ಇದೆ, ಉಚಿತ ಸಹಾಯವಾಣಿ.

ಕೌಶಲದ ಭಾಗದಲ್ಲಿ ಮಾತಿನ ಅಭ್ಯಾಸ ಮಾಡಿಸಿ. ಕಾಂಡೋಮ್ ಬೇಕು ಅಂದಾಗ "ನನ್ನ ಮೇಲೆ ನಂಬಿಕೆ ಇಲ್ವಾ?" ಅನ್ನೋದು ಬಹಳ ಸಲ ಬರುವ ಮಾತು. ಇದಕ್ಕೆ ಇಬ್ಬಿಬ್ಬರೇ ಕೂತು ಸ್ವಂತ ಮಾತಲ್ಲಿ ಉತ್ತರ ಬರೆಯಲಿ. ನಂಬಿಕೆಯ ವಾದಕ್ಕೆ ಇಳಿದರೆ ಸೋಲು. "ನಂಬಿಕೆ ಇದೆ, ಆದ್ರೂ ಇದಿಲ್ದೆ ಬೇಡ" ಅಂತ ಅದೇ ಮಾತನ್ನು ಎರಡು ಮೂರು ಸಲ ಹೇಳುವ ಅಭ್ಯಾಸವಾದರೆ ನಾಲಿಗೆ ತಡವರಿಸಲ್ಲ. ಇನ್ನೂ ಯಾವ ಸಂಬಂಧವೂ ಬೇಡ ಅನ್ನುವವರು ತರಗತಿಯಲ್ಲಿ ಬಹಳ ಜನ ಇರುತ್ತಾರೆ. ಅವರಿಗೂ ಒಂದು ಜೋಡಿ ಸಂಭಾಷಣೆ ಇರಲಿ, "ಈಗ ಬೇಡ" ಅನ್ನೋದೂ ಕಲಿಯಬೇಕಾದ ಮಾತೇ. ಅವರನ್ನು ಬಿಟ್ಟರೆ ತರಗತಿ ಬೇರೆಯವರಿಗೆ ಅನ್ನಿಸಿ ಮೊಬೈಲ್ ತೆಗೀತಾರೆ.

ಲ್ಯಾಬ್_ಕಿಟಕಿ

ವಿಂಡೋ ಪೀರಿಯಡ್ (ಸೋಂಕು ತಗುಲಿದ್ದರೂ ಪರೀಕ್ಷೆಯಲ್ಲಿ ಕಾಣಿಸದ ಅವಧಿ) ಬಗ್ಗೆ ಹತ್ತು ನಿಮಿಷ ಮೀಸಲಿಡಿ ಸಾರ್, ಬೇರೆ ಏನು ಬಿಟ್ಟರೂ ಇದನ್ನ ಬಿಡಬೇಡಿ. ಶನಿವಾರ ಏನೋ ಆಗಿ ಮಂಗಳವಾರ ಪರೀಕ್ಷೆ ಮಾಡಿಸಿ ನೆಗೆಟಿವ್ ಬಂದರೆ ಆ ಶನಿವಾರದ ಬಗ್ಗೆ ಅದು ಏನೂ ಹೇಳಲ್ಲ. ರ್‍ಯಾಪಿಡ್ ಕಿಟ್ ಹುಡುಕೋದು ಮುಖ್ಯವಾಗಿ ಪ್ರತಿಕಾಯ, ಅಂದರೆ ವೈರಸ್ ವಿರುದ್ಧ ದೇಹ ತಯಾರಿಸುವ ಪ್ರೋಟೀನ್. ದೇಹ ಅದನ್ನ ಮಾಡಿಕೊಳ್ಳೋಕೆ 3 ವಾರದಿಂದ 3 ತಿಂಗಳು ಬೇಕು. ರಕ್ತನಾಳದಿಂದ ತೆಗೆದ ರಕ್ತದಲ್ಲಿ ಪ್ರತಿಕಾಯದ ಜೊತೆ ಪಿ24 ಆ್ಯಂಟಿಜನ್ (ವೈರಸ್ಸಿನದೇ ಪ್ರೋಟೀನ್) ಕೂಡ ನೋಡುವ ನಾಲ್ಕನೇ ತಲೆಮಾರಿನ ಪರೀಕ್ಷೆಗೆ 18ರಿಂದ 45 ದಿನ. ವೈರಸ್ಸಿನ ಆರ್‌ಎನ್‌ಎಯನ್ನೇ ಹುಡುಕುವ ಎನ್‌ಎಟಿಗೆ 10ರಿಂದ 33 ದಿನ. ಆದ್ದರಿಂದ ಈಗೊಂದು ಪರೀಕ್ಷೆ, 3 ತಿಂಗಳ ಮೇಲೆ ಇನ್ನೊಂದು.

ಮೊದಲ ಕಿಟ್ ರಿಯಾಕ್ಟಿವ್ (ಸೋಂಕಿನ ಸುಳಿವು ಇದೆ ಅಂತ) ಬಂತು ಅಂದ ಮಾತ್ರಕ್ಕೆ ಐಸಿಟಿಸಿಯಲ್ಲಿ ಪಾಸಿಟಿವ್ ಅಂತ ಬರೆಯಲ್ಲ. ಬೇರೆ ಬೇರೆ ತತ್ವದ ಇನ್ನೆರಡು ಕಿಟ್‌ನಲ್ಲೂ ರಿಯಾಕ್ಟಿವ್ ಬರಬೇಕು. ಖಾಸಗಿ ಲ್ಯಾಬ್‌ನ ಒಂದೇ ಸಾಲಿನ ವರದಿ ಹಿಡಿದು ಕೂತವರಿಗೆ ಇದು ಗೊತ್ತಿರಬೇಕು. ಇನ್ನೊಂದು, ಪ್ಯಾಕೇಜ್ ಪರೀಕ್ಷೆಯ ವರದಿ ವಾಟ್ಸ್‌ಆ್ಯಪ್‌ಗೆ ಬರುತ್ತೆ. ಫಾರಂನಲ್ಲಿ ಅಪ್ಪನ ನಂಬರ್ ಬರೆದು ಬಂದವರ ಗತಿ ಊಹಿಸಿ.

ರಕ್ತದಾನ ಶಿಬಿರದ ವಿಷಯ. ರೆಡ್ ರಿಬ್ಬನ್ ಕ್ಲಬ್ಬೇ ಶಿಬಿರವನ್ನೂ ಮಾಡೋದರಿಂದ ಹೇಳ್ತಿದೀನಿ. ಕೊಟ್ಟ ರಕ್ತಕ್ಕೆ ಎಚ್‌ಐವಿ, ಹೆಪಟೈಟಿಸ್ ಬಿ ಮತ್ತು ಸಿ, ಸಿಫಿಲಿಸ್, ಮಲೇರಿಯಾ ಪರೀಕ್ಷೆ ಆಗುತ್ತೆ ಅಂತ ಗೊತ್ತಾದವರು "ಪುಕ್ಕಟೆ ಟೆಸ್ಟ್ ಆಯ್ತು" ಅಂತ ದಾನಕ್ಕೆ ಬಂದರೆ ಅಪಾಯ. ವಿಂಡೋ ಪೀರಿಯಡ್‌ನಲ್ಲಿ ಇದ್ದರೆ ಪರೀಕ್ಷೆ ದಾಟಿಕೊಂಡು ಆ ರಕ್ತ ಹೆರಿಗೆ ವಾರ್ಡಿಗೆ ಹೋಗಬಹುದು. ಅನುಮಾನ ಇದ್ದವರು ದಾನ ಕೊಡಬಾರದು, ಪರೀಕ್ಷೆಗೆ ಐಸಿಟಿಸಿ ಅಂತ ಶಿಬಿರದ ಫಾರಂ ಕೊಡುವಾಗಲೇ ಹೇಳಿ. ಸ್ನೇಹಿತರೆದುರು ಹಿಂದೆ ಸರಿಯೋಕೆ ಮುಜುಗರ ಅಂದರೆ "ನಿನ್ನೆ ಮಾತ್ರೆ ತಗೊಂಡಿದೀನಿ" ಅನ್ನಲಿ, ಯಾರೂ ಮರುಪ್ರಶ್ನೆ ಕೇಳಲ್ಲ.

ಮೆಡಿಕಲ್ಸ್_ವಿವಿ_ಮೊಹಲ್ಲಾ

72 ಗಂಟೆ ಅನ್ನುವ ಸಂಖ್ಯೆ ಕಾಲೇಜು ಹುಡುಗ ಹುಡುಗಿಯರ ತಲೆಯಲ್ಲಿ ಈಗಾಗಲೇ ಇದೆ, ಆದರೆ ತಪ್ಪು ಮಾತ್ರೆಗೆ. ಅಂಗಡಿಯಲ್ಲಿ ಸಿಗುವ 72 ಗಂಟೆ ಮಾತ್ರೆ ಲೆವೊನಾರ್‌ಜೆಸ್ಟ್ರೆಲ್ 1.5 ಮಿಲಿಗ್ರಾಂ, ಗರ್ಭ ತಡೆಯೋಕೆ. ಎಚ್‌ಐವಿಗೆ ಅದರಿಂದ ಮೂರು ಕಾಸಿನ ಪ್ರಯೋಜನ ಇಲ್ಲ. ಅದನ್ನು ನುಂಗಿ ಎರಡಕ್ಕೂ ಆಯಿತು ಅಂತ ನಿಶ್ಚಿಂತೆಯಿಂದ ಇರುವವರಿದ್ದಾರೆ.

ಎಚ್‌ಐವಿಗೆ ಇರೋದು ಪೆಪ್, ಅಂದರೆ ಸೋಂಕು ತಗುಲುವ ಸಂದರ್ಭ ಆದ ಮೇಲೆ ಅದು ನೆಲೆಯೂರದಂತೆ ತಗೊಳ್ಳುವ ಔಷಧಿ. ಅದಕ್ಕೂ ಗಡುವು 72 ಗಂಟೆ, ಆದರೆ ಮೂರು ದಿನ ಇದೆಯಲ್ಲ ಅಂತ ಕಾಯುವಂತಿಲ್ಲ. ಮೊದಲ ಎರಡು ಗಂಟೆಯೊಳಗೆ ಆದರೆ ಅತ್ಯುತ್ತಮ, ಪ್ರತಿ ಗಂಟೆಗೂ ಫಲ ಇಳಿಯುತ್ತೆ. ರಾತ್ರಿ ಆಗಿದ್ದರೆ ಬೆಳಗಿನ ಒಪಿಡಿ ಕಾಯದೇ ದೊಡ್ಡಾಸ್ಪತ್ರೆಯ ಕ್ಯಾಶುಯಾಲ್ಟಿಗೆ ಹೋಗಬೇಕು, ಹಗಲಾದರೆ ಎಆರ್‌ಟಿ ಕೇಂದ್ರಕ್ಕೆ. ಸಾಮಾನ್ಯವಾಗಿ ಕೊಡೋದು ಟೆನೊಫೊವಿರ್ 300, ಲ್ಯಾಮಿವುಡಿನ್ 300, ಡೊಲುಟೆಗ್ರಾವಿರ್ 50 ಮಿಲಿಗ್ರಾಂ ಸೇರಿದ ಒಂದು ಮಾತ್ರೆ, ದಿನಕ್ಕೊಂದು, 28 ದಿನ. ವೈದ್ಯರ ಚೀಟಿ ಬೇಕು, ಶುರುವಿಗೆ ರಕ್ತ ಪರೀಕ್ಷೆ ಬೇಕು. ಎಲ್ಲಿ ಕೆಡುತ್ತೆ ಅಂದರೆ, ಹತ್ತು ಹನ್ನೆರಡು ದಿನಕ್ಕೆ ಹೊಟ್ಟೆ ತೊಳಸುತ್ತೆ ಅಂತಲೋ, ಊರ ಹಬ್ಬಕ್ಕೆ ಹೋದಾಗ ಡಬ್ಬಿ ಕಾಣಿಸಬಾರದು ಅಂತಲೋ ನಿಲ್ಲಿಸಿಬಿಡ್ತಾರೆ. ಇನ್ನೊಂದು, ಗ್ಯಾಸ್ಟ್ರಿಕ್‌ಗೆ ಕುಡಿಯುವ ಆ್ಯಂಟಾಸಿಡ್ ಡೊಲುಟೆಗ್ರಾವಿರನ್ನು ರಕ್ತಕ್ಕೆ ಸೇರದಂತೆ ಹಿಡಿದುಬಿಡುತ್ತೆ. ಎಚ್‌ಐವಿ ಮಾತ್ರೆ ತಗೊಂಡು 2 ಗಂಟೆ ಆದ ಮೇಲೆ ಆ್ಯಂಟಾಸಿಡ್ ಕುಡಿಯಬಹುದು; ಮೊದಲೇ ಕುಡಿದಿದ್ದರೆ 6 ಗಂಟೆ ಬಿಟ್ಟು ಮಾತ್ರೆ. ಕಬ್ಬಿಣ, ಕ್ಯಾಲ್ಸಿಯಂ ಮಾತ್ರೆ ತಗೊಳ್ಳುವವರು ಅದನ್ನೂ ವೈದ್ಯರಿಗೆ ಹೇಳಲಿ.

ಪ್ರಾತ್ಯಕ್ಷಿಕೆ ಬೇಡ ಅಂದರೆ ಬೇಡ, ಇಸ್ಪೀಟಿನ ಅಳತೆಯ ಎಂಟು ರಟ್ಟು ಮಾಡಿ. ಒಂದೊಂದರ ಮೇಲೆ ಒಂದು ಹೆಜ್ಜೆ: ಅವಧಿ ದಿನಾಂಕ ನೋಡು, ಪೊಟ್ಟಣ ಒತ್ತಿ ಗಾಳಿ ಇದೆಯಾ ನೋಡು, ಅಂಚಿನಿಂದ ಕೈಯಲ್ಲೇ ಹರಿ, ಹಲ್ಲಿಂದ ಬೇಡ, ಸುರುಳಿ ಹೊರಮುಖ ಇದೆಯಾ ನೋಡು, ತುದಿ ಹಿಸುಕಿ ಗಾಳಿ ತೆಗೆ, ಬುಡದವರೆಗೂ ಬಿಡಿಸು, ಮುಗಿದ ಕೂಡಲೇ ಬುಡ ಹಿಡಿದು ಹೊರಗೆ ತೆಗೆ, ಗಂಟು ಹಾಕಿ ಕಾಗದದಲ್ಲಿ ಸುತ್ತಿ ಕಸದ ಬುಟ್ಟಿಗೆ. ಕಲಸಿ ಗುಂಪಿಗೊಂದು ಕಟ್ಟು ಕೊಟ್ಟು ಕ್ರಮವಾಗಿ ಜೋಡಿಸಲಿ. ಹೆಚ್ಚಿನ ಗುಂಪು ತಪ್ಪೋದು ನಾಲ್ಕನೇ ಮತ್ತು ಐದನೇ ರಟ್ಟಲ್ಲಿ. ಉಲ್ಟಾ ಹಾಕಿದ್ದನ್ನು ತಿರುಗಿಸಿ ಅದನ್ನೇ ಬಳಸಬಾರದು, ಹೊಸದು ತೆಗೀಬೇಕು. ಗಾಳಿ ಉಳಿದರೆ ಒಡೆಯುತ್ತೆ. ಕೊಬ್ಬರಿ ಎಣ್ಣೆ, ವ್ಯಾಸಲೀನ್ ತಾಗಿದರೆ ಲ್ಯಾಟೆಕ್ಸ್ ನಿಮಿಷಗಳಲ್ಲೇ ದುರ್ಬಲವಾಗುತ್ತೆ. ಒಂದರ ಮೇಲೊಂದು ಎರಡು ಹಾಕಿದರೆ ಡಬಲ್ ರಕ್ಷಣೆ ಅನ್ನೋದು ಸುಳ್ಳು, ತಿಕ್ಕಾಟಕ್ಕೆ ಹರಿಯೋ ಸಂಭವವೇ ಹೆಚ್ಚು. ಪರ್ಸಲ್ಲಿ ತಿಂಗಳುಗಟ್ಟಲೆ ಇಟ್ಟು ಅದರ ಮೇಲೆ ಕೂತದ್ದು, ಬಿಸಿಲಲ್ಲಿ ನಿಂತ ಸ್ಕೂಟರ್ ಡಿಕ್ಕಿಯಲ್ಲಿ ಇಟ್ಟದ್ದು ನಂಬಿಕೆಗೆ ಅರ್ಹ ಅಲ್ಲ.

ಕೊಳ್ಳೋಕೆ ಚೀಟಿ ಬೇಡ, ಆಧಾರ್ ಬೇಡ. ಅಂಗಡಿಯಲ್ಲಿ ಮಾತೇ ಆಡಬಾರದು ಅನ್ನುವವರು ಸೂಪರ್ ಮಾರ್ಕೆಟ್ ರ್‍ಯಾಕಿಂದ ಎತ್ತಿಕೊಳ್ಳಲಿ. ಐಸಿಟಿಸಿಯಲ್ಲಿ ನಿರೋಧ್ ಉಚಿತ.

ವಕೀಲರು_ಸರಸ್ವತಿಪುರಂ

ಚಿಕ್ಕದಾಗಿ. ಎಚ್‌ಐವಿ ಮತ್ತು ಏಡ್ಸ್ (ತಡೆ ಮತ್ತು ನಿಯಂತ್ರಣ) ಕಾಯ್ದೆ 2017, ಜಾರಿಗೆ ಬಂದದ್ದು 2018ರ ಸೆಪ್ಟೆಂಬರ್ 10ರಂದು. ಒಪ್ಪಿಗೆ ಇಲ್ಲದೆ ಪರೀಕ್ಷೆ ಇಲ್ಲ, ಒಪ್ಪಿಗೆ ಇಲ್ಲದೆ ಬಹಿರಂಗ ಇಲ್ಲ. ಪ್ರವೇಶಕ್ಕೆ, ಹಾಸ್ಟೆಲ್‌ಗೆ, ಕೆಲಸಕ್ಕೆ ಎಚ್‌ಐವಿ ವರದಿ ಕೇಳುವಂತಿಲ್ಲ. ಹಾಗಾಗಿ "ನಮ್ಮ ಕಾಲೇಜಿನ ಎಲ್ಲರಿಗೂ ಪರೀಕ್ಷೆ" ಅಂತ ಉತ್ಸಾಹದಲ್ಲಿ ಶಿಬಿರ ಹಾಕಿ ಹಾಜರಿ ತಗೊಳ್ಳಬೇಡಿ. ಎಲ್ಲರೂ ಸಾಲಲ್ಲಿ ನಿಂತಿರುವಾಗ ಒಬ್ಬ ಹುಡುಗಿ "ನಾನು ಒಲ್ಲೆ" ಅಂದರೆ ಅವಳ ಮೇಲೆ ಬೆರಳು ತೋರಿಸಿದ ಹಾಗಾಗುತ್ತೆ. ಅದು ಸ್ವಇಚ್ಛೆ ಅನ್ನಿಸಿಕೊಳ್ಳಲ್ಲ.

ಪಿಎಸ್‌ಎಂ_ಡಾಕ್ಟ್ರು

ಸಹಪಾಠಿಗಳಿಂದಲೇ ಹೇಳಿಸೋದರ ಬಗ್ಗೆ ಅನುಮಾನ ಇರುವವರು ದೂರ ಹೋಗಬೇಕಾಗಿಲ್ಲ. ಮೈಸೂರಿನ ಆಶೋದಯ ಸಮಿತಿ ಲೈಂಗಿಕ ಕಾರ್ಯಕರ್ತರೇ ಕಟ್ಟಿದ ಸಂಘ. ಅಲ್ಲಿ ಕಲಿಸುವವರೂ ಕಲಿಯುವವರೂ ಒಂದೇ ಸಮುದಾಯ. ಪ್ರೆಪ್ ಮಾತ್ರೆಯ ಪ್ರಾಯೋಗಿಕ ಯೋಜನೆ ಭಾರತದಲ್ಲಿ ಕೋಲ್ಕತ್ತದ ಜೊತೆ ಮೈಸೂರಿನಲ್ಲೂ ನಡೆದದ್ದಕ್ಕೆ ಆ ಸಂಘಟನೆಯ ಬಲವೇ ಕಾರಣ. (ಪ್ರೆಪ್ ಅಂದರೆ ಅಪಾಯಕ್ಕೆ ಮುಂಚೆಯೇ ತಗೊಳ್ಳುವ ಮಾತ್ರೆ. ಎಚ್‌ಐವಿ ಇಲ್ಲ ಅಂತ ಪರೀಕ್ಷೆಯಲ್ಲಿ ಖಚಿತವಾದ ಮೇಲೆ, ವೈದ್ಯರ ನಿಗಾದಲ್ಲಿ ಮಾತ್ರ.) ಪದವಿ ತರಗತಿಯಲ್ಲಿ ಇದಕ್ಕೆ ಒಂದು ವಾಕ್ಯ ಸಾಕು, ಪೆಪ್ ಜೊತೆ ಗೊಂದಲ ಆಗದ ಹಾಗೆ.

ಆದರೆ ಸಹಪಾಠಿಗಳನ್ನು ಆರಿಸುವಾಗ ತರಗತಿ ಪ್ರತಿನಿಧಿ, ಎನ್‌ಎಸ್‌ಎಸ್ ನಾಯಕ ಅಂತ ಶಿಸ್ತಿನ ಸಿಪಾಯಿಗಳನ್ನೇ ಆರಿಸಬೇಡಿ. ಹಾಸ್ಟೆಲ್‌ನಲ್ಲಿ ರಾತ್ರಿ ಹತ್ತು ಗಂಟೆಗೆ ಯಾರ ಕೋಣೆಗೆ ಎಲ್ಲರೂ ಹೋಗಿ ಕೂರ್ತಾರೋ ಅವರು ಬೇಕು. ಅವರು ಒಪ್ಪಿದ್ದು ಉಳಿದವರಿಗೂ ಸರಿ ಅನ್ನಿಸುತ್ತೆ. ಪ್ರೇರಣೆಯ ಅರ್ಧ ಭಾಗ "ನನ್ನ ಜೊತೆಯವರು ಏನಂದುಕೊಳ್ಳುತ್ತಾರೆ" ಅನ್ನೋದೇ.

ಅಂಕಿ_ಸಂಖ್ಯೆ

ಅಳೆಯುವ ಬಗ್ಗೆ. ಎಚ್‌ಐವಿ-ಕೆಕ್ಯೂ-18 ಅಂತ ಒಂದು ಪ್ರಶ್ನಾವಳಿ ಇದೆ, 2002ರಲ್ಲಿ ಕ್ಯಾರಿ ಮತ್ತು ಶ್ರೋಡರ್ ಪ್ರಕಟಿಸಿದ್ದು, 18 ಹೇಳಿಕೆ, "ಸರಿ, ತಪ್ಪು, ಗೊತ್ತಿಲ್ಲ" ಅಂತ ಗುರುತು ಹಾಕೋದು. ಮಾಹಿತಿಯ ಭಾಗಕ್ಕೆ ಅದು ಸಾಕು. ಅಂಕ ಕೂಡಿಸುವಾಗ ತಪ್ಪು ಉತ್ತರವನ್ನೂ "ಗೊತ್ತಿಲ್ಲ"ವನ್ನೂ ಬೇರೆ ಬೇರೆ ಎಣಿಸಿ. ಗೊತ್ತಿಲ್ಲ ಅಂದವರಿಗೆ ಹೇಳಿಕೊಟ್ಟರೆ ಆಯಿತು. ತಪ್ಪನ್ನೇ ಖಚಿತವಾಗಿ ನಂಬಿದವರಿಗೆ ಬೇರೆ ಪಾಠ ಬೇಕು.

ಪ್ರೇರಣೆಗೆ ಐದು ಮೆಟ್ಟಿಲಿನ (ಪೂರ್ತಿ ಒಪ್ಪುತ್ತೇನೆ ಅನ್ನೋದರಿಂದ ಒಪ್ಪೋದೇ ಇಲ್ಲ ಅನ್ನೋವರೆಗೆ) ಪ್ರಶ್ನೆ ಕೆಲವು: "ನಾನು ಪರೀಕ್ಷೆ ಮಾಡಿಸಿದ್ದು ಗೆಳೆಯರಿಗೆ ಗೊತ್ತಾದರೆ ನನ್ನನ್ನು ಕೀಳಾಗಿ ನೋಡ್ತಾರೆ" ಥರದ್ದು. ಕೌಶಲಕ್ಕೆ "ನಿಮಗೆ ಸಾಧ್ಯವೇ" ಅಂತ ಕೇಳಬೇಡಿ, ಎಲ್ಲರೂ ಹೌದು ಅಂತಾರೆ. "ಸಹಾಯವಾಣಿ ಸಂಖ್ಯೆ ಬರೆಯಿರಿ", "ಪೆಪ್ ಎಷ್ಟು ಗಂಟೆಯೊಳಗೆ", "ಈ ಎಂಟು ಹೆಜ್ಜೆಗೆ ಕ್ರಮಸಂಖ್ಯೆ ಹಾಕಿ" ಅಂತ ಮಾಡಿಸಿ ನೋಡಿ.

ಹೆಸರು ಬೇಡ, ರಿಜಿಸ್ಟರ್ ನಂಬರ್ ಬೇಡ ಅಂತ ಎಲ್ಲರಿಗೂ ಗೊತ್ತು. ಎಡವೋದು ಮೇಲಿನ ಮೂರು ಕಾಲಂನಲ್ಲಿ. ಬಿಎಸ್ಸಿ, ಹೆಣ್ಣು, ನಾಗಮಂಗಲ ಅಂತ ತುಂಬಿಸಿದರೆ 60 ಜನರಲ್ಲಿ ಅಂಥವಳು ಒಬ್ಬಳೇ ಇರಬಹುದು. ಮೇಷ್ಟ್ರಿಗೆ ಅವಳ ಹೆಸರು ಗೊತ್ತು. ಒಂದೇ ವಿವರ ಕೇಳಿ. ಮೊದಲಿನ ಮತ್ತು ನಂತರದ ಹಾಳೆ ಜೋಡಿಸೋಕೆ ಅಮ್ಮನ ಹೆಸರಿನ ಎರಡನೇ ಅಕ್ಷರ ಮತ್ತು ಅವರ ಹುಟ್ಟಿದ ದಿನಾಂಕದ ದಿನ, ಈ ಥರ ಅವರೇ ಕಟ್ಟಿಕೊಳ್ಳುವ ಸಂಕೇತ ಸಾಕು. ಹಾಳೆ ಸಂಗ್ರಹಿಸುವವರು ಅದೇ ತರಗತಿಯ ಉಪನ್ಯಾಸಕರಾಗಿರಬಾರದು. ಅದೇ ಸಂಜೆ ಮತ್ತೆ ಪರೀಕ್ಷೆ ಕೊಟ್ಟರೆ ಅಳೆದದ್ದು ನೆನಪನ್ನ. 3 ತಿಂಗಳ ಮೇಲೆ ಕೊಡಿ. ಡಿಸೆಂಬರ್‌ನಲ್ಲಿ ತರಗತಿ ಆದರೆ ಅದು ಮಾರ್ಚ್. ಸೆಮಿಸ್ಟರ್ ಪರೀಕ್ಷೆ, ರಜೆ ನೋಡಿಕೊಂಡು ಈಗಲೇ ದಿನ ಗೊತ್ತು ಮಾಡಿ. ಇಲ್ಲದಿದ್ದರೆ 60ರಲ್ಲಿ ಅರ್ಧ ಹಾಳೆಯೂ ವಾಪಸ್ ಬರಲ್ಲ.

ರೆಡ್‌ರಿಬ್ಬನ್_ಮಂಡ್ಯ

ಎಲ್ಲರಿಗೂ ಧನ್ಯವಾದ. ಹೀಗೆ ಜೋಡಿಸಿದ್ದೇನೆ: 2:15ಕ್ಕೆ ಹಾಳೆ ಮತ್ತು ಚೀಟಿ, 15 ನಿಮಿಷ. ಗರ್ಭ, ಎಚ್‌ಐವಿ ಎರಡನ್ನೂ ಒಟ್ಟಿಗೆ ಎತ್ತಿಕೊಂಡು ವಿಂಡೋ ಪೀರಿಯಡ್, ಪೆಪ್, ಚಿಕಿತ್ಸೆ 30 ನಿಮಿಷ. ಗುಂಪುಗಳಲ್ಲಿ ರಟ್ಟು ಮತ್ತು ಮಾತಿನ ಅಭ್ಯಾಸ 45 ನಿಮಿಷ. ಹುಡುಗರು, ಹುಡುಗಿಯರು ಬೇರೆ ಕೋಣೆ, 15 ಜನರಿಗೆ ಒಂದು ಗುಂಪು. ಚೀಟಿಗಳಿಗೆ ಉತ್ತರ 20 ನಿಮಿಷ. 4:05ಕ್ಕೆ ಬಿಟ್ಟರೆ ಬಸ್ಸು ಸಿಗುತ್ತೆ. ಪ್ರಾಂಶುಪಾಲರು ರಟ್ಟಿಗೆ ಒಪ್ಪಿದ್ದಾರೆ, ಚಿತ್ರ ಬೇಡ ಬರಹ ಮಾತ್ರ ಅಂದಿದ್ದಾರೆ.

ಆಪ್ತಸಮಾಲೋಚಕಿ

ಬರಹ ಸಾಕು. ಚೀಟಿಗೆ ಉತ್ತರ ಹೇಳೋದು ನೀವಾಗಬೇಡಿ ಸರ್, ಐಸಿಟಿಸಿ ಸಮಾಲೋಚಕರನ್ನೇ ಕರೆಸಿ. ಆ ಮುಖ ಒಮ್ಮೆ ನೋಡಿದ್ದರೆ ಆಸ್ಪತ್ರೆಯಲ್ಲಿ ಬಾಗಿಲು ತಟ್ಟೋದು ಸುಲಭ. ಜಿಲ್ಲಾ ಏಡ್ಸ್ ನಿಯಂತ್ರಣ ಘಟಕಕ್ಕೆ ನವೆಂಬರ್ ಮೊದಲ ವಾರದಲ್ಲೇ ಪತ್ರ ಕೊಡಿ, ಡಿಸೆಂಬರ್ 1ರ ಆಸುಪಾಸಿನ ವಾರ ಎಲ್ಲ ಕಾಲೇಜಿನವರೂ ಅವರನ್ನೇ ಕರೀತಾರೆ. ಸಾಧ್ಯವಾದರೆ ತರಗತಿಯನ್ನೇ ಡಿಸೆಂಬರ್ ಎರಡನೇ ವಾರಕ್ಕೆ ತಳ್ಳಿ.